ಸ್ಲೋ ಕುಕ್ಕರ್‌ಗೆ ಹಸಿ ರಾಜ್ಮಾ ಸುರಿಯಬೇಡಿ, ಮಿಕ್ಕಿದ್ದೆಲ್ಲ ಪರವಾಗಿಲ್ಲ

ಕಡಿಮೆ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟ್ ಪಾತ್ರೆ, ಅಂದರೆ ಆರು ಲೀಟರ್‌ನ ಸ್ಲೋ ಕುಕ್ಕರ್ ತಗೊಂಡು ಎರಡು ಚಳಿಗಾಲ ಆಯಿತು. ಚಳಿಯಲ್ಲಿ ಹತ್ತು ಹನ್ನೆರಡು ಜನ ಸೇರಿದಾಗ ಒಂದೇ ಪಾತ್ರೆಯಲ್ಲಿ ಗಟ್ಟಿಯಾದ ಕಾಳಿನ ಸ್ಟ್ಯೂ ಮಾಡಿಬಿಡಬೇಕು, ಒಲೆ ಮುಂದೆ ನಿಂತು ಸೌಟು ಆಡಿಸುವ ಕೆಲಸ ಇರಬಾರದು ಅನ್ನುವುದೇ ನನ್ನ ಲೆಕ್ಕ. ಆ ಲೆಕ್ಕ ಮುಕ್ಕಾಲು ಪಾಲು ಸರಿಹೋಯಿತು.

ಬೈಯುವುದನ್ನು ಮೊದಲೇ ಬೈದು ಮುಗಿಸುತ್ತೇನೆ. ಡಬ್ಬಿ ಜೊತೆ ಬಂದ ಪುಟ್ಟ ಪುಸ್ತಕದಲ್ಲಿ ರಾಜ್ಮಾ ತೊಳೆದು, ನೀರು ಹಾಕಿ, 'ಲೋ'ಗೆ (ಕಡಿಮೆ ಬಿಸಿಗೆ) ಇಟ್ಟು ಎಂಟು ಗಂಟೆ ಮರೆತುಬಿಡಿ ಎಂದು ಬರೆದಿದೆ. ಮಾಡಲೇಬೇಡಿ. ಹಸಿ ರಾಜ್ಮಾದಲ್ಲಿ ಫೈಟೊಹೀಮಗ್ಲುಟಿನಿನ್ ಅನ್ನುವ ವಿಷ ಇರುತ್ತದೆ. ಹೆಸರಿಗೆ ನಾಲಿಗೆ ತಿರುಗದಿದ್ದರೂ ಹೊಟ್ಟೆಗೆ ಬೇಗ ಗೊತ್ತಾಗುತ್ತದೆ: ನಾಲ್ಕೈದು ಕಾಳು ತಿಂದರೂ ಸಾಕು, ಒಂದರಿಂದ ಮೂರು ಗಂಟೆಯೊಳಗೆ ವಾಂತಿ ಶುರುವಾಗಬಹುದು. ಇದು ಹೋಗಬೇಕಾದರೆ ನೀರು 100 ಡಿಗ್ರಿಯಲ್ಲಿ ಕೊತಕೊತ ಕುದಿಯಬೇಕು. ಅನುಮಾನ ಬಂದು ಈ ಕುಕ್ಕರ್‌ನೊಳಗೆ ಥರ್ಮಾಮೀಟರ್ ಇಳಿಸಿ ನೋಡಿದೆ, ನಾಲ್ಕು ಗಂಟೆ ಆದರೂ 80 ದಾಟಿರಲಿಲ್ಲ. ಆ ಬಿಸಿಯಲ್ಲಿ ಕಾಳು ಮೆತ್ತಗಾಗಿ ಬೆಂದ ಹಾಗೆ ಕಾಣುತ್ತದೆ, ವಿಷ ಮಾತ್ರ ಒಳಗೇ ಇರುತ್ತದೆ, ಅರೆಬೆಂದ ಕಾಳು ಹಸಿ ಕಾಳಿಗಿಂತ ಜಾಸ್ತಿ ಕೆಡುಕು ಮಾಡಬಹುದು. ಹನ್ನೆರಡು ಜನಕ್ಕೆ ಬಡಿಸುವಾಗ ಇದು ತಮಾಷೆ ಅಲ್ಲ ಅಲ್ವಾ?

ಈಗ ನಾನು ಮಾಡುವುದು ಹೀಗೆ. ಹಿಂದಿನ ರಾತ್ರಿ ಮುಕ್ಕಾಲು ಕಿಲೋ ಕಾಳು ನೆನೆಹಾಕುತ್ತೇನೆ, ಆ ನೀರಿಗೇ ಒಂದು ಚಮಚ ಉಪ್ಪು. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಅನ್ನುವುದು ಸುಮ್ನೆ ಹುಟ್ಟಿಕೊಂಡ ಮಾತು, ಸಿಪ್ಪೆ ಇನ್ನೂ ಮೆತ್ತಗಾಗುತ್ತದೆ. ಬೆಳಿಗ್ಗೆ ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಒಲೆ ಮೇಲೆ ಚೆನ್ನಾಗಿ ಕುದಿಸುತ್ತೇನೆ. ಹತ್ತು ನಿಮಿಷ ಸಾಕು ಅನ್ನುವವರಿದ್ದಾರೆ, ಅಮೆರಿಕದ ಆಹಾರ ಮತ್ತು ಔಷಧ ಸಂಸ್ಥೆ ಎಫ್‌ಡಿಎ 30 ನಿಮಿಷ ಅನ್ನುತ್ತದೆ, ನಾನು ಅರ್ಧ ಗಂಟೆಯ ಕಡೆ. ಆಮೇಲೆ ಕುಕ್ಕರ್‌ಗೆ. ಈರುಳ್ಳಿ ಬೆಳ್ಳುಳ್ಳಿಯನ್ನೂ ಬಾಣಲೆಯಲ್ಲಿ ಬಾಡಿಸಿಯೇ ಹಾಕಬೇಕು, ಇಲ್ಲದಿದ್ದರೆ ಹಸಿ ವಾಸನೆ ಹೋಗುವುದಿಲ್ಲ. ಅಂದರೆ 'ಒಂದೇ ಪಾತ್ರೆ' ಅನ್ನುವುದು ಜಾಹೀರಾತಿನಲ್ಲಿ ಮಾತ್ರ, ತೊಳೆಯುವಾಗ ಮೂರು.

ಟೊಮೆಟೊ ಕೊನೆಗೆ. ಮೊದಲ ಸಲ ಶುರುವಿನಲ್ಲೇ ಹಾಕಿಬಿಟ್ಟೆ, ಹುಳಿಗೆ ಕಾಳಿನ ಸಿಪ್ಪೆ ಬಿಗಿದುಕೊಂಡು ಆರು ಗಂಟೆಯಾದರೂ ಕಟುಕಟು ಅನ್ನುತ್ತಿತ್ತು, ಬಂದವರೆಲ್ಲ ಬಟ್ಟಲು ಹಿಡಿದು ಕಾಯುತ್ತ ಕೂತರು.

ನೀರಿನ ಅಂದಾಜು ಕಲಿಯಲು ನಾಲ್ಕೈದು ಸಲ ಬೇಕಾಯಿತು. ಮುಚ್ಚಳ ಮುಚ್ಚಿರುವುದರಿಂದ ಆವಿ ಹೋಗುವುದು ಕಡಿಮೆ, ಒಲೆ ಮೇಲೆ ಹಾಕುವಷ್ಟು ಸುರಿದರೆ ತಿಳಿನೀರಾಗುತ್ತದೆ. ಹಾಗಾದಾಗ ಎರಡು ಸೌಟು ಕಾಳು ತೆಗೆದು ಹಿಸುಕಿ ವಾಪಸ್ ಹಾಕಿದರೆ ಗಟ್ಟಿಯಾಗುತ್ತದೆ.

ಇನ್ನು ಅಳತೆ. ಆರು ಲೀಟರ್ ಅಂದರೆ ಅಂಚಿನವರೆಗೆ, ಮುಕ್ಕಾಲು ತುಂಬಿಸಿದರೆ ಸಿಗುವುದು ನಾಲ್ಕೂವರೆ. ಹನ್ನೆರಡು ಜನಕ್ಕೆ ತಲಾ ಒಂದು ಬಟ್ಟಲು, ಎರಡನೇ ಸಲ ಕೇಳಿದವರಿಗೆ ಇಲ್ಲ. ಎಂಟು ಜನರಾದರೆ ಆರಾಮ.

ಹಾಗಿದ್ದೂ ಯಾಕೆ ಇಟ್ಟುಕೊಂಡಿದ್ದೇನೆ ಅಂದರೆ, ಬಿಸಿ ಹಿಡಿದಿಡುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಒಬ್ಬರು ಏಳಕ್ಕೆ ಬರುತ್ತಾರೆ, ಇನ್ನೊಬ್ಬರು ಒಂಬತ್ತಕ್ಕೆ ನಡುಗುತ್ತ ಬರುತ್ತಾರೆ, ಇಬ್ಬರಿಗೂ ಹೊಗೆಯಾಡುವ ಸ್ಟ್ಯೂ ಸಿಗುತ್ತದೆ, ತಳ ಹಿಡಿದಿರುವುದಿಲ್ಲ. ದಪ್ಪ ಪಿಂಗಾಣಿ ಪಾತ್ರೆಯ ಗುಣ ಅದು. ಆದರೆ ಅದೇ ಗುಣದಿಂದ ಉಳಿದದ್ದು ತಣಿಯುವುದಿಲ್ಲ, ಪಾತ್ರೆ ಸಮೇತ ಫ್ರಿಡ್ಜ್‌ಗೆ ಇಟ್ಟರೆ ನಡುವೆ ಗಂಟೆಗಟ್ಟಲೆ ಉಗುರುಬೆಚ್ಚಗಿದ್ದು ಕೆಡುತ್ತದೆ. ಎರಡು ಗಂಟೆಯೊಳಗೆ ಅಗಲವಾದ ಸಣ್ಣ ಡಬ್ಬಿಗಳಿಗೆ ಹಂಚಿ ಇಡುತ್ತೇನೆ. ಮರುದಿನ ಇನ್ನಷ್ಟು ಗಟ್ಟಿಯಾಗಿರುತ್ತದೆ, ಸ್ವಲ್ಪ ಬಿಸಿನೀರು ಸೇರಿಸಿ ಒಲೆ ಮೇಲೆ ಕುದಿಸಬೇಕು, ಅದಕ್ಕೆ ಮಾತ್ರ ಈ ಕುಕ್ಕರ್ ಮುಟ್ಟುವುದಿಲ್ಲ.