ಅಡಿಕೆ ಟೆಂಡರ್ ತಂತ್ರಾಂಶಕ್ಕೆ ಪ್ರೊಮಿಥಿಯಸ್: ಹಲವು ಮಳೆಗಾಲಗಳ ಬಳಕೆಯ ನಂತರ

ಸಿಪಿಯು ತಣ್ಣಗಿದೆ ಎಂದ ಮಾತ್ರಕ್ಕೆ ಸೇವೆ ಚೆನ್ನಾಗಿ ನಡೆಯುತ್ತಿದೆ ಎಂದು ನಂಬಬೇಡಿ. ಶಿರಸಿಯಲ್ಲಿ ನಾವು ನೋಡಿಕೊಳ್ಳುವ ಅಡಿಕೆ ಟೆಂಡರ್ ತಂತ್ರಾಂಶದ ಮುಖ್ಯ ಸರ್ವರ್‌ಗಳು ಮುಂಬೈಯಲ್ಲಿವೆ. ಸಿದ್ದಾಪುರ, ಯಲ್ಲಾಪುರದ ಶಾಖೆಗಳಲ್ಲಿ ಸಣ್ಣ ಯಂತ್ರಗಳಿವೆ. ಟೆಂಡರ್ ಮುಗಿಯುವ ಹೊತ್ತಿಗೆ ರಾಶಿ, ಚಾಲಿ ಅಡಿಕೆಗೆ ದರ ಹಾಕಿದರೆ ಪರದೆ ಸುತ್ತುತ್ತಲೇ ಇರುತ್ತದೆ ಎಂದು ವ್ಯಾಪಾರಸ್ಥರು ದೂರುತ್ತಿದ್ದರು. ಸಿಪಿಯು ಅರ್ಧಕ್ಕೂ ಏರಿರಲಿಲ್ಲ, ಸರಾಸರಿ ಪ್ರತಿಕ್ರಿಯಾ ಸಮಯವೂ ಚೆನ್ನಾಗಿಯೇ ಇತ್ತು.

ಉತ್ತರ ಸಿಕ್ಕಿದ್ದು ಸರ್ವರ್‌ಗಳ ಅಂಕಿಗಳನ್ನು ಸಂಗ್ರಹಿಸಿ ನಿಗಾ ಇಡುವ ಪ್ರೊಮಿಥಿಯಸ್ ತಂತ್ರಾಂಶದ ಹಿಸ್ಟೋಗ್ರಾಮ್‌ನಲ್ಲಿ. ಕೋರಿಕೆಗಳನ್ನು ಅವು ತೆಗೆದುಕೊಂಡ ಸಮಯಕ್ಕೆ ತಕ್ಕಂತೆ ಬೇರೆ ಬೇರೆ ಬಕೆಟ್‌ಗಳಲ್ಲಿ ಎಣಿಸಿಡುವ ಲೆಕ್ಕ ಅದು. ಪಿ99, ಅಂದರೆ ನೂರರಲ್ಲಿ ತೊಂಬತ್ತೊಂಬತ್ತು ಕೋರಿಕೆಗಳು ಎಷ್ಟು ಸಮಯದೊಳಗೆ ಮುಗಿಯುತ್ತವೆ ಎಂಬ ಗೆರೆ, ಕೊನೆಯ ನಿಮಿಷಗಳಲ್ಲಿ ನೆಟ್ಟಗೆ ಮೇಲೇರುತ್ತಿತ್ತು. ಅಂಕಿಗಳನ್ನು ಗೆರೆಗಳಾಗಿ ತೋರಿಸುವ ಗ್ರಾಫಾನಾದ ಅದೇ ಪುಟದಲ್ಲಿ ಡೇಟಾಬೇಸ್ ಸಂಪರ್ಕಕ್ಕೆ ಕಾಯುವವರ ಸಂಖ್ಯೆಯನ್ನೂ ಇಟ್ಟಾಗ ಎರಡೂ ಜೊತೆಯಾಗಿ ಏರುವುದು ಕಂಡಿತು. ವರದಿ ತಯಾರಿಸುವ ಒಂದು ದೀರ್ಘ ಡೇಟಾಬೇಸ್ ಪ್ರಶ್ನೆ (ಕ್ವೆರಿ) ಸಂಪರ್ಕಗಳನ್ನೆಲ್ಲ ಹಿಡಿದಿಟ್ಟುಕೊಂಡಿತ್ತು. ವರದಿಗೆ ಬೇರೆಯೇ ಪೂಲ್, ಅಂದರೆ ಸಂಪರ್ಕಗಳ ಪ್ರತ್ಯೇಕ ಗುಂಪು, ಕೊಟ್ಟೆವು, ದೂರು ನಿಂತಿತು. ಸರ್ವರ್ ಹೆಚ್ಚಿಸಿದ್ದರೆ ಡೇಟಾಬೇಸಿನ ಮುಂದಿನ ಸರತಿ ಇನ್ನಷ್ಟು ಉದ್ದವಾಗುತ್ತಿತ್ತು.

ಒಂದು ಎಚ್ಚರಿಕೆ: ಪ್ರತಿ ಸರ್ವರ್‌ನ ಪಿ99 ತೆಗೆದು ಅವುಗಳ ಸರಾಸರಿ ಮಾಡಿದರೆ ಬರುವ ಅಂಕಿಗೆ ಅರ್ಥವಿಲ್ಲ. ಮೊದಲು ಎಲ್ಲ ಸರ್ವರ್‌ಗಳ ಬಕೆಟ್‌ಗಳನ್ನು ಕೂಡಿಸಿ, ಆಮೇಲೆ ಲೆಕ್ಕ ಹಾಕಬೇಕು.

ನನ್ನ ನಿಜವಾದ ತಕರಾರು ಮಳೆಗಾಲದ್ದು. ಪ್ರೊಮಿಥಿಯಸ್ ತಾನೇ ಹೋಗಿ ಅಂಕಿ ಎಳೆದು ತರುತ್ತದೆ. ಶಾಖೆಯ ಸಂಪರ್ಕ ಕಡಿದರೆ ಅದು ಕೂಡಲೇ ಗೊತ್ತಾಗುತ್ತದೆ ನಿಜ, ಆದರೆ ಆ ಅವಧಿಯ ಅಂಕಿಗಳು ಮರಳಿ ಸಿಗುವುದಿಲ್ಲ. ಪ್ರೊಮಿಥಿಯಸ್‌ಗೆ 2021ರಲ್ಲಿ ಬಂದ ಏಜೆಂಟ್ ವಿಧಾನವನ್ನು ಶಾಖೆಗಳಲ್ಲಿ ಹಾಕಿದ ಮೇಲೆ ಸಣ್ಣ ಕಡಿತಗಳ ಬಾಧೆ ತಪ್ಪಿತು. ಅದು ಅಲ್ಲೇ ಸಂಗ್ರಹಿಸಿ, ಸಂಪರ್ಕ ಬಂದಾಗ ಕಳುಹಿಸುತ್ತದೆ. ಆದರೆ ಸುಮಾರು ಎರಡು ಗಂಟೆ ಮೀರಿದರೆ ಕಳುಹಿಸದೆ ಉಳಿದದ್ದು ಹೋದಂತೆಯೇ. ಘಟ್ಟದ ಜುಲೈ ತಿಂಗಳಿಗೆ ಎರಡು ಗಂಟೆ ಯಾವ ಮೂಲೆಗೂ ಸಾಲದು.

ಪ್ರೊಮಿಥಿಯಸ್ ಮುಕ್ತ ತಂತ್ರಾಂಶ, ಹಣ ಕೊಡಬೇಕಿಲ್ಲ. ಮೊದಲಿನಿಂದ ಇರುವ 15 ದಿನಗಳ ಸಂಗ್ರಹ ಮಿತಿಯನ್ನು ಹೆಚ್ಚಿಸದಿದ್ದರೆ ಈ ಸುಗ್ಗಿಯನ್ನು ಕಳೆದ ಸುಗ್ಗಿಗೆ ಹೋಲಿಸಲಾಗದು. ಒಂದು ಅಂಕಿಗೆ ಸರಾಸರಿ ಒಂದೆರಡು ಬೈಟ್ ಸಾಕಾಗುವುದರಿಂದ ಡಿಸ್ಕ್ ಹೊರೆಯಲ್ಲ. ಮೆಮೊರಿಯನ್ನು ತಿನ್ನುವುದು ಅಂಕಿಗಳನ್ನು ವಿಂಗಡಿಸಲು ಅಂಟಿಸುವ ಲೇಬಲ್‌ಗಳು: ಲಾಟ್ ಸಂಖ್ಯೆಯನ್ನು ಲೇಬಲ್ ಮಾಡಿದರೆ ಪ್ರತಿ ಲಾಟಿಗೂ ಅಂಕಿಗಳ ಹೊಸ ಸರಣಿ ಹುಟ್ಟುತ್ತದೆ. ಅಂಥ ವಿವರವನ್ನು ಲಾಗ್‌ನಲ್ಲಿ ಬರೆಯಿರಿ. ಹಣದ ಲೆಕ್ಕವನ್ನಂತೂ ಇದರಿಂದ ತೆಗೆಯಲೇಬೇಡಿ. ನೂರಕ್ಕೆ ನೂರು ನಿಖರತೆ ಬೇಕಾದ ಕೆಲಸಕ್ಕೆ ಇದು ಹೊಂದುವುದಿಲ್ಲ ಎಂದು ತಯಾರಕರೇ ಹೇಳಿದ್ದಾರೆ.

ನನ್ನ ಅಂಕ: ಐದಕ್ಕೆ ನಾಲ್ಕು.