ಮಾದಪ್ಪನ ಬೆಟ್ಟದಿಂದ ನಡೆದು ವಾಪಸ್: ಯಾವ ದಾರಿಗುರುತನ್ನು ನಂಬಬೇಕು?

ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ದಾರಿಯನ್ನು ಮಂಡ್ಯ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ನಡೆದು ವಾಪಸ್ ಬರುವ ದಾರಿ ಕೇಳಿ ನೋಡಿ, ‘ಯಾಕಪ್ಪಾ, ಬಸ್ ಇಲ್ವಾ?’ ಅಂತಾರೆ. ಶಿವರಾತ್ರಿ, ಯುಗಾದಿ, ದೀಪಾವಳಿಗೆ ಗುಂಪುಗುಂಪಾಗಿ ನಡೆದು ಹೋಗುವವರೆಲ್ಲ ದರ್ಶನ ಮುಗಿಸಿ, ಲಾಡು ತಗೊಂಡು ಬಸ್ ಹತ್ತಿಬಿಡುತ್ತಾರೆ. ನನಗೆ ಬರುವಾಗಲೂ ನಡೆಯುವ ಹುಚ್ಚು. ಬೆಟ್ಟ, ತಾಳಬೆಟ್ಟ, ಕೌದಳ್ಳಿ, ಹನೂರು, ಕೊಳ್ಳೇಗಾಲ, ಮಳವಳ್ಳಿ, ಮಂಡ್ಯ. ಒಟ್ಟು ಸುಮಾರು 140 ಕಿ.ಮೀ. ಹೀಗೆ ಉಲ್ಟಾ ಬರುವಾಗ ದಾರಿ ಹಿಡಿಯಲು ಏನೇನು ನೆಚ್ಚಿಕೊಳ್ಳಬಹುದೋ ಅದನ್ನೆಲ್ಲ ಬಳಸಿ ನೋಡಿದ್ದೇನೆ. ಯಾವುದು ಎಲ್ಲಿ ಕೈಹಿಡಿಯಿತು, ಎಲ್ಲಿ ಕೈಕೊಟ್ಟಿತು ಅಂತ ಬರೆಯುತ್ತೇನೆ.

ಹೋದ ದಾರಿಯಲ್ಲೇ ಬಂದರಾಯ್ತು, ಇದರಲ್ಲೇನಿದೆ ಅನ್ನಿಸಬಹುದು. ಆದರೆ ಹೋಗುವಾಗ ನಮ್ಮ ರಸ್ತೆಗೆ ಪಕ್ಕದಿಂದ ಬಂದು ಸೇರುವ ರಸ್ತೆಗಳನ್ನು ನಾವು ಗಮನಿಸುವುದೇ ಇಲ್ಲ. ಗಮನಿಸಬೇಕಾದ ಅಗತ್ಯವೂ ಇರುವುದಿಲ್ಲ. ಬರುವಾಗ ಅವೇ ರಸ್ತೆಗಳು ಕವಲಾಗಿ ಎದುರಿಗೆ ನಿಲ್ಲುತ್ತವೆ. ಮಳವಳ್ಳಿಯನ್ನೇ ತಗೊಳ್ಳಿ. ಮಂಡ್ಯದಿಂದ ಬಂದವರು, ಕೆ.ಎಂ.ದೊಡ್ಡಿ ಮೇಲೆ ಮದ್ದೂರಿನಿಂದ ಬಂದವರು, ಬನ್ನೂರು ಕಿರುಗಾವಲು ಕಡೆಯವರು, ಕನಕಪುರ ರಸ್ತೆಯವರು ಎಲ್ಲರೂ ಅಲ್ಲಿ ಸೇರಿ ಒಂದೇ ದಾರಿಯಲ್ಲಿ ಕೊಳ್ಳೇಗಾಲದ ಕಡೆ ಹೋಗುತ್ತಾರೆ. ಜನರ ಹಿಂದೆ ಹೋದರೆ ಸಾಕು, ತಲೆ ಎತ್ತಿ ನೋಡುವುದೂ ಬೇಡ. ವಾಪಸ್ ಬರುವವನಿಗೆ ಅದೇ ಮಳವಳ್ಳಿಯಲ್ಲಿ ನಾಲ್ಕು ದಾರಿ ಸಿಗುತ್ತವೆ, ಮೂರು ನಮ್ಮವಲ್ಲ.

ಮೊದಲು ಸೋಲುವುದು ಸುಣ್ಣದ ಬಾಣದ ಗುರುತು. ನಮ್ಮ ತಂಡದಲ್ಲಿ ಮುಂದೆ ಹೋಗುವವರು ಹಿಂದೆ ಬರುವವರಿಗಾಗಿ ತಿರುವುಗಳಲ್ಲಿ ಬಾಣ ಹಾಕಿಕೊಂಡು ಹೋಗುತ್ತಾರೆ. ಹೋಗುವಾಗ ಅದಕ್ಕಿಂತ ಒಳ್ಳೆಯ ಗುರುತು ಬೇರೆ ಇಲ್ಲ. ಆದರೆ ಬಾಣವನ್ನು ತಿರುವಿಗೆ ಮೊದಲು ಹಾಕುತ್ತಾರೆ. ಬರುವವನಿಗೆ ಅದು ಕಾಣುವುದು ತಿರುವು ದಾಟಿದ ಮೇಲೆ, ಅದೂ ಸರಿಯಾದ ದಾರಿ ಹಿಡಿದಿದ್ದರೆ ಮಾತ್ರ. ಸರಿ ಬಂದಿದ್ದೀಯ ಅಂತ ಆಮೇಲೆ ಹೇಳುವುದಕ್ಕೆ ಪರವಾಗಿಲ್ಲ, ಮುಂದೆ ಎತ್ತ ಅನ್ನುವುದಕ್ಕೆ ಅಲ್ಲ. ಫ್ಲೆಕ್ಸುಗಳ ಕಥೆಯೂ ಅಷ್ಟೆ, ಬರುವವನಿಗೆ ಬರೀ ಬಿಳಿ ಬೆನ್ನು ಕಾಣುತ್ತದೆ. ಇದು ನಮ್ಮಲ್ಲಿ ಮಾತ್ರ ಇರುವ ತೊಂದರೆಯೂ ಅಲ್ಲ. ಸ್ಪೇನಿನಲ್ಲಿ ಸ್ಯಾಂಟಿಯಾಗೊಗೆ ನಡೆದು ಹೋಗುವ ಯಾತ್ರೆಗೆ 1980ರ ದಶಕದಲ್ಲಿ ಎಲಿಯಾಸ್ ವಲಿನ್ಯಾ ಅನ್ನುವ ಪಾದ್ರಿ ಹಳದಿ ಬಾಣಗಳನ್ನು ಬಳಿಯಲು ಶುರು ಮಾಡಿದರು. ಅವೂ ಸ್ಯಾಂಟಿಯಾಗೊ ಕಡೆಗೇ ತೋರಿಸುತ್ತವೆ. ಪೋರ್ಚುಗಲ್ಲಿನ ದಾರಿಯಲ್ಲಿ ಮಾತ್ರ ಫಾತಿಮಾ ಕಡೆ ನಡೆಯುವವರಿಗೆ ಎದುರು ದಿಕ್ಕಿನ ನೀಲಿ ಬಾಣಗಳಿವೆ. ನಮ್ಮ ತಂಡದವರಿಗೂ ಒಂದು ಡಬ್ಬಿ ನೀಲಿ ಬಣ್ಣ ಕೊಡಿಸೋಣ ಅಂತ ಹೇಳಿ ನೋಡಿದೆ, ಎಲ್ಲರೂ ನಕ್ಕರು.

ಕಿಲೋಮೀಟರ್ ಕಲ್ಲು ಇದಕ್ಕೆ ಪೂರಾ ವಿರುದ್ಧ. ನಾವು ಸುಮ್ನೆ ದಾಟಿ ಹೋಗುವ ಈ ಕಲ್ಲಿಗೆ ಎರಡು ಪಕ್ಕವೂ ಬರಹ ಇರುತ್ತದೆ, ಆ ಕಡೆಯಿಂದ ಬರುವವನಿಗೆ ಆ ಕಡೆಯ ಊರು, ಈ ಕಡೆಯಿಂದ ಬರುವವನಿಗೆ ಈ ಕಡೆಯದು. ಉಲ್ಟಾ ನಡೆಯುವವನಿಗೆ ಭೇದಭಾವ ಮಾಡದ ಗುರುತು ಇದೊಂದೇ. ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ. ಹೆದ್ದಾರಿ ಬಿಟ್ಟು ಹಳ್ಳಿ ರಸ್ತೆಗೆ ಹೊರಳಿದ್ದೀರಿ ಅಂತ ಮೊದಲು ಹೇಳುವುದೂ ಈ ಬಣ್ಣವೇ. ಆದರೆ ಕೊಳ್ಳೇಗಾಲದಿಂದ ಹಳದಿ ತಲೆಯನ್ನೇ ನೋಡಿಕೊಂಡು ಹೊರಟರೆ ಮಳವಳ್ಳಿಯವರೆಗೆ ಸರಿ, ಅಲ್ಲಿಂದ ಮುಂದೆ ಅದು 948ನೇ ಹೆದ್ದಾರಿಯ ಜೊತೆ ಕನಕಪುರ, ಬೆಂಗಳೂರು ಕಡೆ ಹೋಗುತ್ತದೆ. ಮಂಡ್ಯದವರು ಅಲ್ಲಿ ಹಳದಿಯನ್ನು ಬಿಡಬೇಕು. ಊರೊಳಗೆ ಕಲ್ಲುಗಳು ಅಂಗಡಿ ಮುಂದೆ, ಬೈಕುಗಳ ಹಿಂದೆ ಮುಚ್ಚಿ ಹೋಗಿರುತ್ತವೆ. ದಾರಿ ತಪ್ಪುವುದು ಹೆಚ್ಚಾಗಿ ಊರೊಳಗೇ ಅಲ್ವಾ?

ಇನ್ನು ಫೋನು. ಎಲ್ಲರ ಫೋನಿನಲ್ಲೂ ಇರುವ ಮ್ಯಾಪ್‌ನಲ್ಲಿ ನಡೆಯುವ ದಾರಿ ಕೇಳಿದರೆ ಕೊಡುತ್ತದೆ, ನೆಟ್ ಇರುವವರೆಗೆ. ತಾಳಬೆಟ್ಟದ ಮೇಲಿನ ಘಾಟಿಯಲ್ಲಿ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮೊದಲೇ ಇಳಿಸಿಟ್ಟುಕೊಂಡ ಮ್ಯಾಪ್ ನೆಟ್ ಇಲ್ಲದಾಗ ಗಾಡಿಗೆ ದಾರಿ ತೋರಿಸುತ್ತದೆ, ನಡೆಯುವವರಿಗೆ ತೋರಿಸುವುದಿಲ್ಲ. ಘಾಟಿಯಲ್ಲಿ ಇರುವುದೇ ಒಂದು ರಸ್ತೆ, ಅಲ್ಲಿ ಇದರಿಂದ ನಷ್ಟವಿಲ್ಲ. ತೊಂದರೆ ಕೊಟ್ಟಿದ್ದು ಮಳವಳ್ಳಿ ದಾಟಿದ ಮೇಲೆ. ಹತ್ತಿರದ ದಾರಿ ಅಂತ ನಾಲೆ ಏರಿ ಮೇಲೆ ಕಳಿಸಿತು. ವಿಶ್ವೇಶ್ವರಯ್ಯ ನಾಲೆಯ ಕವಲುಗಳು ಆ ಕಡೆ ಎಲ್ಲೆಲ್ಲೂ ಹರಡಿವೆ, ಮ್ಯಾಪ್‌ಗೆ ಪ್ರತಿ ಏರಿಯೂ ರಸ್ತೆಯ ಹಾಗೇ ಕಾಣುತ್ತದೆ. ನಡೆಯಲು ತಂಪಾಗಿ ಚೆನ್ನಾಗಿಯೇ ಇತ್ತು, ಕೊನೆಗೆ ಕಬ್ಬಿನ ಗದ್ದೆಗೆ ಹೋಗಿ ನಿಂತಿತು. ದಾಟಲು ಸೇತುವೆ ಇಲ್ಲ, ಆಚೆ ದಡದಲ್ಲಿ ರಸ್ತೆ ಕಾಣುತ್ತಿದೆ! ಕಿಲೋಮೀಟರ್ ಉಳಿಸಲು ಹೋಗಿ ಅರ್ಧ ಬೆಳಿಗ್ಗೆ ಹೋಯಿತು.

ಅದೇ ಫೋನಿನಲ್ಲಿ ಇನ್ನೊಂದು ಉಪಾಯ ಇದೆ, ನನಗೆ ಹಿಡಿಸಿದ್ದು ಅದು. ಹೋಗುವಾಗ ನಡೆದ ಜಾಡನ್ನು ರೆಕಾರ್ಡ್ ಮಾಡಿಟ್ಟುಕೊಂಡು, ಬರುವಾಗ ಅದೇ ಗೆರೆಯ ಮೇಲೆ ನಡೆಯುವುದು. ನಾನು ಬಳಸುವುದು ಓಸ್ಮ್‌ಆ್ಯಂಡ್ ಅನ್ನುವ ಮ್ಯಾಪ್ ಆ್ಯಪ್. ನೆಟ್ ಬೇಡ, ಕರ್ನಾಟಕದ ಮ್ಯಾಪ್ ಇಳಿಸಿಟ್ಟುಕೊಂಡರೆ ಸಾಕು, ನಾವಿರುವ ಜಾಗ ಉಪಗ್ರಹದಿಂದ ಗೊತ್ತಾಗುತ್ತದೆ. ಜಾಡಿನ ದಿಕ್ಕು ತಿರುಗಿಸುವ ಆಯ್ಕೆ ಅದರಲ್ಲೇ ಇದೆ. ನಿಜ ಹೇಳಬೇಕೆಂದರೆ ತಿರುಗಿಸುವುದೂ ಬೇಡ, ಗೆರೆಗೆ ಮುಂದೆ ಹಿಂದೆ ಅಂತ ಇಲ್ಲವಲ್ಲ. ಕವಲಿನಲ್ಲಿ ಫೋನ್ ತೆಗೆದು, ಗೆರೆ ಯಾವ ಕಡೆ ಹೋಗಿದೆ ಅಂತ ನೋಡಿ, ಮತ್ತೆ ಜೇಬಿಗೆ ಹಾಕಿದರೆ ಆಯಿತು. ಬ್ಯಾಟರಿಯೂ ಉಳಿಯುತ್ತದೆ. ಕಿರಿಕಿರಿ ಏನಂದರೆ, ಹೋಗುವಾಗ ಮಾಡಿದ್ದೆಲ್ಲ ಜಾಡಿನಲ್ಲಿ ಇರುತ್ತದೆ. ಪ್ರಸಾದದ ಪೆಂಡಾಲಿಗೆ ರಸ್ತೆ ಬಿಟ್ಟು ಒಳಗೆ ಹೋಗಿದ್ದು, ಸ್ನಾನಕ್ಕೆ ಪಂಪ್‌ಸೆಟ್ ಹುಡುಕಿದ್ದು, ಎಲ್ಲವೂ. ಬರುವಾಗ ಆ ಪೆಂಡಾಲ್ ಇರುವುದಿಲ್ಲ, ಗೆರೆ ಮಾತ್ರ ಖಾಲಿ ಬಯಲಿಗೆ ಕರೆದುಕೊಂಡು ಹೋಗುತ್ತದೆ. ಬೇರೆಯವರು ಕಳಿಸಿದ ಜಾಡಾದರೆ ಇನ್ನೂ ಹುಷಾರು. ಘಾಟಿಯಲ್ಲಿ ತಿರುವುಗಳನ್ನು ಕತ್ತರಿಸಿ ಹತ್ತುವ ಕಾಲುದಾರಿಗಳು ಹಲವರ ಜಾಡಿನಲ್ಲಿ ಇರುತ್ತವೆ. ಅಲ್ಲಿ ಹತ್ತುವುದು ಬೇರೆ, ಇಳಿಯುವುದು ಬೇರೆ. ಮೇಲಿಂದ ನೋಡಿದರೆ ಕಾಲುದಾರಿ ಎಲ್ಲಿ ಶುರುವಾಗುತ್ತದೆ ಅಂತಲೇ ಕಾಣುವುದಿಲ್ಲ, ಮಂಡಿಗೂ ಒಳ್ಳೆಯದಲ್ಲ. ಮೇಲಾಗಿ ಅದು 2013ರಿಂದ ವನ್ಯಜೀವಿಧಾಮ, ಆನೆ ಓಡಾಡುವ ಕಾಡು. ಬರುವಾಗ ಜೊತೆಗೆ ಗುಂಪೂ ಇರುವುದಿಲ್ಲ. ಟಾರು ರಸ್ತೆಯಲ್ಲೇ, ಬೆಳಕಿರುವಾಗಲೇ ಇಳಿಯಿರಿ.

ಜನರನ್ನು ಕೇಳುವುದು ಎಲ್ಲಕ್ಕಿಂತ ಹಳೆಯ ಉಪಾಯ. ಇದನ್ನು ಫೋನಿಗಿಂತ ಮೇಲೆ ಇಡಬೇಕಾ ಕೆಳಗಾ ಅಂತ ನನಗೆ ಇನ್ನೂ ಗೊಂದಲ. ಮೊದಲನೆಯ ತೊಡಕು ನಮ್ಮ ವೇಷ. ಹೆಗಲಲ್ಲಿ ಕಾವಿ ಶಲ್ಯ, ಹಣೆಯಲ್ಲಿ ವಿಭೂತಿ, ಬರಿಗಾಲು. ನೀವು ಬಾಯಿ ಬಿಡುವ ಮೊದಲೇ ‘ಬೆಟ್ಟಕ್ಕಾ? ಇಂಗೇ ನೇರ ಹೋಗಣ್ಣ’ ಅಂತ ಬಂದ ದಾರಿಯನ್ನೇ ತೋರಿಸುತ್ತಾರೆ. ಅಲ್ಲ, ಬೆಟ್ಟದಿಂದ ಬರ್ತಿದ್ದೀನಿ ಅಂದರೆ ಬಸ್ ಎಷ್ಟು ಹೊತ್ತಿಗೆ ಅಂತ ಶುರು ಮಾಡುತ್ತಾರೆ. ಹನೂರಿನಲ್ಲಿ ನಿಂತು ಮಂಡ್ಯಕ್ಕೆ ದಾರಿ ಕೇಳಿದರೆ ಇನ್ನೇನು ಹೇಳಿಯಾರು? ಮುಂದಿನ ಊರನ್ನು ಮಾತ್ರ ಕೇಳಬೇಕು: ಕಾಮಗೆರೆ, ಆಮೇಲೆ ಮಧುವನಹಳ್ಳಿ, ಆಮೇಲೆ ಕೊಳ್ಳೇಗಾಲ. ‘ಇದು ಕಾಮಗೆರೆ ದಾರಿನಾ?’ ಅಂತ ಕೇಳಬೇಡಿ, ಹೂಂ ಅಂದುಬಿಡುತ್ತಾರೆ. ‘ಕಾಮಗೆರೆ ಎತ್ಲಾಗೆ?’ ಅಂದರೆ ಕೈ ಎತ್ತಿ ತೋರಿಸುತ್ತಾರೆ. ದೂರ ಮಾತ್ರ ಕೇಳಲೇಬೇಡಿ. ‘ಅಲ್ಲೇ, ಒಂದ್ ಕೂಗಳತೆ’ ಅಂದವರನ್ನು ನಂಬಿ ಮಧ್ಯಾಹ್ನದ ಊಟ ಸಾಯಂಕಾಲಕ್ಕೆ ಹೋಗಿದೆ.

ಕೇಳುವುದಾದರೆ ವಯಸ್ಸಾದವರನ್ನು, ಕುರಿ ದನ ಮೇಯಿಸುವವರನ್ನು ಕೇಳಿ. ಅವರು ಎಡ ಬಲ ಅನ್ನುವುದಿಲ್ಲ, ಮೂಡಲು ಪಡುವಲು ಅನ್ನುತ್ತಾರೆ. ‘ಆಲದ ಮರದ ತಾವ ಪಡುವಲಾಗಿ ತಿರೀಕೊ’ ಅನ್ನುವ ಮಾತು ಹೋಗುವವನಿಗೂ ಬರುವವನಿಗೂ ಒಂದೇ. ಎಡ ಬಲ ಹಾಗಲ್ಲ. ನಮ್ಮ ಊರಿನ ದೊಡ್ಡವರು ಹೋಗುವ ದಾರಿಯನ್ನು ಬಾಯಿಪಾಠ ಒಪ್ಪಿಸುತ್ತಾರೆ, ಅಲ್ಲಿ ಎಡಕ್ಕೆ, ಇಲ್ಲಿ ಬಲಕ್ಕೆ ಅಂತ. ಅದನ್ನು ಮನಸ್ಸಿನಲ್ಲೇ ತಿರುಗಿಸಿಕೊಳ್ಳುತ್ತ ಉರಿಬಿಸಿಲಲ್ಲಿ ನಡೆಯುವುದು ಆಗದ ಕೆಲಸ. ಅದರ ಬದಲು ಇಷ್ಟು ನೆನಪಿಟ್ಟುಕೊಳ್ಳಿ: ಬೆಟ್ಟದಿಂದ ಕೊಳ್ಳೇಗಾಲದವರೆಗೆ ಒಟ್ಟಾರೆ ಪಡುವಲಿಗೆ, ಕೊಳ್ಳೇಗಾಲದಿಂದ ಮಳವಳ್ಳಿಗೆ ಬಡಗಲಿಗೆ, ಅಲ್ಲಿಂದ ಮಂಡ್ಯಕ್ಕೆ ವಾಯವ್ಯಕ್ಕೆ. ಬೆಟ್ಟದಿಂದ ಹೊರಟವನಿಗೆ ಬೆಳಗಿನ ಬಿಸಿಲು ಬೆನ್ನಿಗೆ ಹೊಡೆಯುತ್ತಿರಬೇಕು. ಮುಖಕ್ಕೆ ಹೊಡೆಯುತ್ತಿದ್ದರೆ ನಿಂತು ಯೋಚನೆ ಮಾಡಿ.

ಜಾತ್ರೆ ಮುಗಿಯುವ ಮೊದಲೇ ಹೊರಟರೆ ಎದುರು ಬರುವ ಜನರೇ ದಾರಿ ತೋರಿಸುತ್ತಾರೆ. ‘ಉಘೇ ಮಾದಪ್ಪ’ ಕೇಳಿಸಿದ ಕಡೆ ನಡೆದರಾಯ್ತು. ಕೊಳ್ಳೇಗಾಲದ ಆಚೆ ಇದು ತುಂಬಾ ಸುಲಭ, ಈಚೆಗೆ ಬಂದರೆ ಕೆಲಸಕ್ಕೆ ಬಾರದು. ಎದುರು ಬರುವವರು ಬನ್ನೂರಿನವರೋ ಮದ್ದೂರಿನವರೋ ಮುಖ ನೋಡಿ ಹೇಳಲು ಆಗುತ್ತದಾ?

ಹಾಗಾಗಿ ನಾನು ದಾರಿಯನ್ನು ಎರಡು ತುಂಡು ಮಾಡಿಕೊಂಡಿದ್ದೇನೆ. ಬೆಟ್ಟದಿಂದ ಕೊಳ್ಳೇಗಾಲದವರೆಗೆ ಫೋನ್ ಚೀಲದಲ್ಲೇ ಇರುತ್ತದೆ, ಕಲ್ಲು ಮತ್ತು ಜನ ಸಾಕು. ಎಚ್ಚರ ಬೇಕಾದ ಜಾಗ ಎರಡೇ. ಬೆಟ್ಟದ ಮೇಲೆ ತಾಳಬೆಟ್ಟದ ರಸ್ತೆ ಬಿಟ್ಟು ಪಾಲಾರ್ ರಸ್ತೆ ಹಿಡಿದರೆ ತಮಿಳುನಾಡಿನ ಮೆಟ್ಟೂರು ಕಡೆ ಹೋಗುತ್ತೀರಿ. ಕೌದಳ್ಳಿಯಲ್ಲಿ ರಾಮಾಪುರದ ರಸ್ತೆ ಸೇರುತ್ತದೆ, ಹನೂರು ಬೋರ್ಡ್ ನೋಡಿ ಮುಂದೆ ಹೋಗಿ. ಕೊಳ್ಳೇಗಾಲ ಬಂದ ಮೇಲೆ ಫೋನ್ ಹೊರಗೆ ಬರುತ್ತದೆ, ಪ್ರತಿ ಕವಲಿನಲ್ಲೂ ಜಾಡು ನೋಡುತ್ತೇನೆ, ಅನುಮಾನ ಬಂದರೆ ಇಬ್ಬರನ್ನು ಕೇಳುತ್ತೇನೆ. ಕಾವೇರಿ ದಾಟಿದರೆ ಮಂಡ್ಯ ಜಿಲ್ಲೆ, ಆದರೆ ಊರು ಬಂತು ಅಂತ ಮೈಮರೆಯುವ ಜಾಗ ಅದಲ್ಲ, ಮಳವಳ್ಳಿ ಇನ್ನೂ ಮುಂದಿದೆ.

ಮೈಸೂರಿನವರಿಗೆ ಇಷ್ಟೆಲ್ಲ ತಲೆನೋವಿಲ್ಲ. ಕೊಳ್ಳೇಗಾಲದಲ್ಲಿ 766ನೇ ಹೆದ್ದಾರಿ ಹಿಡಿದರೆ ಮೂಗೂರು, ತಿ. ನರಸೀಪುರದ ಮೇಲೆ ಮೈಸೂರಿನವರೆಗೂ ಅದೇ ರಸ್ತೆ. ಅವರು ಹಳದಿ ಕಲ್ಲನ್ನೇ ನಂಬಿ ಬರಬಹುದು. ಲಾರಿಗಳು ಜಾಸ್ತಿ, ಬಲಗಡೆ ಅಂಚಿನಲ್ಲಿ ಎದುರು ಬರುವ ಗಾಡಿ ನೋಡಿಕೊಂಡು ನಡೆಯಿರಿ.