ದಕ್ಷಿಣ ಬೆಂಗಳೂರಿನ ಒಂದು ಜಿಯು-ಜಿತ್ಸು ಜಿಮ್: ಪಾಠಕ್ಕೆ ಫುಲ್ ಮಾರ್ಕ್ಸ್, ರೋಲಿಂಗ್‌ಗೆ ಅರ್ಧ

ಜಿಯು-ಜಿತ್ಸು ಅಂದರೆ ನೆಲದ ಮೇಲೆ ಹಿಡಿತ, ಲಾಕುಗಳಿಂದ ಎದುರಾಳಿಯನ್ನು ಸೋಲೊಪ್ಪಿಸುವ ಕುಸ್ತಿ. ಇಲ್ಲಿ ಟೆಕ್ನಿಕ್ ಹೇಳಿಕೊಡುವುದರಲ್ಲಿ ತಕರಾರಿಲ್ಲ. ಮ್ಯಾಟ್ ಚೊಕ್ಕಟ, ಚಪ್ಪಲಿ ಅಂಚಿನಾಚೆ, ಉಗುರು ಬೆಳೆದಿದ್ದರೆ ಕತ್ತರಿಸಿಕೊಂಡು ಬಾ ಅಂತ ವಾಪಸ್ ಕಳಿಸುತ್ತಾರೆ. ಹುಳುಕಡ್ಡಿ ಹರಡುವುದು ಇಂಥ ಕಡೆಯೇ, ಹಾಗಾಗಿ ಇದು ಸಣ್ಣ ವಿಷಯವಲ್ಲ. ಆದರೆ ಜಿಮ್ಮಿನ ಗುಣ ಗೊತ್ತಾಗುವುದು ಕೊನೆಯ ಅರ್ಧ ಗಂಟೆಯ ಜೋಡಿ ಕುಸ್ತಿಯ ಅಭ್ಯಾಸದಲ್ಲಿ, ಅಂದರೆ ರೋಲಿಂಗ್‌ನಲ್ಲಿ.

5 ನಿಮಿಷದ ರೌಂಡ್, 1 ನಿಮಿಷ ವಿರಾಮ. ಮೊದಲ ಎರಡು ರೌಂಡಿಗೆ ಹೊಸಬರ ಜೋಡಿಯನ್ನು ಕೋಚ್ ಆರಿಸುತ್ತಾರೆ, ವೈಟ್ ಬೆಲ್ಟಿಗೆ ಪರ್ಪಲ್ ಬೆಲ್ಟ್ (ಬೆಲ್ಟಿನ ಕ್ರಮ: ವೈಟ್, ಬ್ಲೂ, ಪರ್ಪಲ್, ಬ್ರೌನ್, ಬ್ಲ್ಯಾಕ್). ಲೆಕ್ಕ ಸರಿಯಾಗಿದೆ. ಇಬ್ಬರು ಹೊಸಬರನ್ನೇ ಬಿಟ್ಟರೆ ಉಸಿರು ಬಿಗಿಹಿಡಿದು, ಮೊಣಕೈ ಬೀಸಿ, ಜಿದ್ದಿಗೆ ಬೀಳುತ್ತಾರೆ. ಗರಡಿಯಲ್ಲಿ ಪಳಗಿದವರಿಗಂತೂ ಬೆನ್ನು ನೆಲಕ್ಕೆ ತಾಗಿತೆಂದರೆ ಚಿತ್ ಆದ ಅವಮಾನ. ಜಿಯು-ಜಿತ್ಸುವಿನಲ್ಲಿ ಅದೇ ಗಾರ್ಡ್, ಬೆನ್ನ ಮೇಲಿದ್ದು ಕಾಲುಗಳಿಂದ ಎದುರಾಳಿಯನ್ನು ತಡೆದು ಆಟ ಕಟ್ಟುವ ಜಾಗ. ಬೆನ್ನು ಉಳಿಸಿಕೊಳ್ಳಲು ಬೋರಲು ಹೊರಳಿದವರು ಕುತ್ತಿಗೆಯನ್ನು ತಾವೇ ಎದುರಾಳಿಯ ಕೈಗೆ ಕೊಟ್ಟಂತೆ.

ಟ್ಯಾಪ್ ಮಾಡುವುದನ್ನು, ಅಂದರೆ ಸೋಲೊಪ್ಪಿ ಬಿಡು ಅನ್ನುವ ಸನ್ನೆಯನ್ನು, ಮೊದಲ ದಿನವೇ ಕಲಿಸುತ್ತಾರೆ: ಎದುರಾಳಿಗೆ ಗೊತ್ತಾಗುವ ಹಾಗೆ ಅವರ ಮೈಮೇಲೆ ಎರಡು ಮೂರು ಸಲ ತಟ್ಟಬೇಕು, ಕೈ ಸಿಕ್ಕಿಬಿದ್ದಿದ್ದರೆ ಬಾಯಲ್ಲೇ 'ಟ್ಯಾಪ್' ಅನ್ನಬೇಕು. ಲಾಕ್ ಹಾಕುವವರ ಜವಾಬ್ದಾರಿಯ ಮಾತೇ ಬರುವುದಿಲ್ಲ. ಆರ್ಮ್‌ಬಾರ್‌ನಲ್ಲಿ (ಮೊಣಕೈಯನ್ನು ಹಿಂದಕ್ಕೆ ಬಾಗಿಸುವ ಲಾಕ್) ಎದುರಾಳಿಯ ಕೈ ನೇರವಾದ ಮೇಲೆ ಸೊಂಟವನ್ನು ನಿಧಾನಕ್ಕೆ ಎತ್ತಬೇಕು, ಟ್ಯಾಪ್ ಮಾಡಲು ಸಮಯ ಕೊಡಬೇಕು. ಇಲ್ಲಿ ಕೆಲವು ಬ್ಲೂ ಬೆಲ್ಟ್‌ಗಳು ಜರ್ಕ್ ಹೊಡೆಯುತ್ತಾರೆ, ಕೋಚ್ ಕಂಡೂ ಕಾಣದಂತಿರುತ್ತಾರೆ. ಹೀಲ್ ಹುಕ್ ಇನ್ನೂ ಅಪಾಯ. ಹಿಮ್ಮಡಿ ತಿರುಚಿದರೂ ಪೆಟ್ಟು ಬೀಳುವುದು ಮೊಣಕಾಲಿಗೆ; ನೋವು ತಿಳಿಯುವಷ್ಟರಲ್ಲಿ ಲಿಗಮೆಂಟ್ ಹರಿದಿರಬಹುದು. ಅಂತಾರಾಷ್ಟ್ರೀಯ ಸ್ಪರ್ಧೆ ನಡೆಸುವ ಐಬಿಜೆಜೆಎಫ್ ಸಂಸ್ಥೆಯ ನಿಯಮದಲ್ಲಿ ಅದಕ್ಕೆ ಅನುಮತಿ ಇರುವುದು ನೋ-ಗಿಯಲ್ಲಿ (ಗಿ ಅನ್ನುವ ದಪ್ಪ ಬಟ್ಟೆಯ ಸಮವಸ್ತ್ರ ತೊಡದೆ ಆಡುವ ಆಟದಲ್ಲಿ), ಬ್ರೌನ್ ಮತ್ತು ಬ್ಲ್ಯಾಕ್ ಬೆಲ್ಟಿನ ವಯಸ್ಕರಿಗೆ ಮಾತ್ರ. ಇಲ್ಲಿನ ಗೋಡೆಯ ನಿಯಮಪಟ್ಟಿಯಲ್ಲಿ ಗಿ ಒಗೆಯುವ ಬಗ್ಗೆ ಎರಡು ಸಾಲಿದೆ, ಇದರ ಬಗ್ಗೆ ಒಂದಕ್ಷರ ಇಲ್ಲ.

ಕೊನೆಯ ರೌಂಡುಗಳಲ್ಲಿ ಜೋಡಿ ಅವರವರ ಇಷ್ಟ. 90 ಕೆಜಿಯವರು ಹುಡುಕಿ ಹುಡುಕಿ 60 ಕೆಜಿಯವರನ್ನು ಕರೆಯುವುದು, ತಾವು ಸೋಲುವ ಹೊತ್ತಿಗೆ ಆಟ ನಿಲ್ಲಿಸಿ ಪಾಠ ಶುರುಮಾಡುವುದು, ಎಲ್ಲವೂ ಆಗ ನೋಡಲು ಸಿಗುತ್ತದೆ. ಸುಸ್ತಾಗಿದ್ದರೆ, ಮೊಣಕಾಲು ನೋಯುತ್ತಿದ್ದರೆ 'ಈ ರೌಂಡ್ ಬೇಡ' ಅನ್ನಬಹುದು. ಯಾರೂ ಕಾರಣ ಕೇಳಬಾರದು. ಇಲ್ಲಿ ಕೇಳುತ್ತಾರೆ.

5ರಲ್ಲಿ 3. ಫೀ ಕಟ್ಟುವ ಮುಂಚೆ ಒಂದು ದಿನ ಅಂಚಿನಲ್ಲಿ ಕೂತು, ಟ್ಯಾಪ್ ಆದ ಮೇಲೆ ಹಿಡಿತ ಬಿಡಲು ಯಾರು ಎಷ್ಟು ಹೊತ್ತು ಮಾಡುತ್ತಾರೆ ನೋಡಿ. ಬೆಳಗಿನ ಬ್ಯಾಚ್ ವಾಸಿ. ಸಂಜೆಯದರಲ್ಲಿ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನ ಸಿಟ್ಟೂ ಮ್ಯಾಟ್ ಮೇಲೆ ಇಳಿಯುತ್ತದೆ.